ಹತ್ತನೆಯ ತರಗತಿಯ ಮುಂದೇನು? ಯೋಚನೆ ಎಂದಿನಿಂದ?

ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮ ಸದಸ್ಯರ ಮನೆಗಳಿಗೆ ಎರಡು ಅವಸರಗಳು ಒಟ್ಟಿಗೆ ಬರುತ್ತವೆ. ಮಳೆ ಹಿಡಿಯುವುದರೊಳಗೆ ಅಡಿಕೆಗೆ ಮೊದಲ ಬೋರ್ಡೋ ಸಿಂಪಡಣೆ ಆಗಬೇಕು, ಕಾಫಿಗೆ ಗೊಬ್ಬರ ಬೀಳಬೇಕು, ತೋಟದ ಕಾಲುವೆಗಳ ಹೂಳು ತೆಗೆಯಬೇಕು. ಅದೇ ಹೊತ್ತಿಗೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುತ್ತದೆ. ಮಗನನ್ನೋ ಮಗಳನ್ನೋ ಪಿಯುಸಿಗೆ ಸೇರಿಸಬೇಕು. ಮೊದಲನೆಯ ಕೆಲಸಕ್ಕೆ ನಾವು ಬೇಸಗೆಯಲ್ಲೇ ಮೈಲುತುತ್ತ, ಸುಣ್ಣ ತಂದಿಟ್ಟಿರುತ್ತೇವೆ. ಔಷಧಿ ಹೊಡೆಯುವವರಿಗೆ ಹೇಳಿಟ್ಟಿರುತ್ತೇವೆ. ಎರಡನೆಯ ಕೆಲಸಕ್ಕೆ ಮಾತ್ರ ಅಂಕಪಟ್ಟಿ ಕೈಗೆ ಬಂದ ಮೇಲೆಯೇ ಹೊರಡುತ್ತೇವೆ. ಮೂರು ನಾಲ್ಕು ದಿನಗಳಲ್ಲಿ ಯಾರೋ ಹೇಳಿದ ಕಾಲೇಜಿಗೆ, ಸೀಟು ಉಳಿದ ವಿಭಾಗಕ್ಕೆ, ಸಾಲ ತಂದ ಹಣದಲ್ಲಿ ಮಗುವನ್ನು ಸೇರಿಸಿ ಬಂದು ಮತ್ತೆ ತೋಟಕ್ಕೆ ಇಳಿಯುತ್ತೇವೆ.

ತೋಟದಲ್ಲಿ ಒಂದು ಸಿಂಪಡಣೆ ತಪ್ಪಿದರೆ ಆ ವರ್ಷದ ಫಸಲಿಗೆ ಪೆಟ್ಟು. ಪಿಯುಸಿಯ ವಿಷಯ ತಪ್ಪಿದರೆ ಮಗುವಿನ ಎರಡು ವರ್ಷಗಳಷ್ಟೇ ಅಲ್ಲ, ಮುಂದಿನ ದಾರಿಯೇ ಬೇರೆಯಾಗುತ್ತದೆ. ಆದ್ದರಿಂದ ಈ ಯೋಚನೆಯನ್ನು ಯಾವಾಗ ಆರಂಭಿಸಬೇಕು, ಯಾವ ತಿಂಗಳಲ್ಲಿ ಯಾವ ಕೆಲಸ ಮುಗಿಸಬೇಕು ಎಂಬುದನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಒಂಬತ್ತನೆಯ ತರಗತಿಯೇ ತಕ್ಕ ಕಾಲ

ನಾವು ಗುಂಡಿಗೆ ಇಳಿಸುವ ಅಡಿಕೆ ಸಸಿಗೆ ಆಗಲೇ ಒಂದು, ಒಂದೂವರೆ ವರ್ಷ ವಯಸ್ಸಾಗಿರುತ್ತದೆ. ತಾಯಿಮರ ಗುರುತಿಸಿ, ಹಣ್ಣಡಿಕೆ ಆರಿಸಿ, ಪಾತಿಯಲ್ಲಿ ಮೊಳೆಸಿ, ಚೀಲಕ್ಕೆ ಹಾಕಿ ಬೆಳೆಸಿದ ಮೇಲೆಯೇ ಅದು ತೋಟಕ್ಕೆ ಬರುವುದು. ಪಿಯುಸಿ ಪ್ರವೇಶಕ್ಕೂ ಅಷ್ಟೇ ಕಾಲ ಬೇಕು. ಮಗು ಒಂಬತ್ತನೆಯ ತರಗತಿಯ ದಸರಾ ರಜೆಗೆ ಬಂದಾಗ ಮಾತು ಆರಂಭಿಸಿದರೆ ಹತ್ತನೆಯ ಪರೀಕ್ಷೆಗೆ ಸುಮಾರು ಒಂದೂವರೆ ವರ್ಷ ಉಳಿದಿರುತ್ತದೆ. ಅವಸರವಿಲ್ಲದೆ ಯೋಚಿಸಲು, ನೋಡಲು, ಹಣ ಹೊಂದಿಸಲು ಇಷ್ಟು ಕಾಲ ಸಾಕು.

ಇದಕ್ಕಿಂತ ತಡಮಾಡಬಾರದೇಕೆಂದರೆ, ಹತ್ತನೆಯ ತರಗತಿಯ ವರ್ಷ ಪೂರ್ತಿ ಓದಿನ ವರ್ಷ. ಆ ವರ್ಷ ಮಗುವಿನ ಮುಂದೆ ದಿನವೂ ಕಾಲೇಜಿನ ಮಾತೆತ್ತಿದರೆ ಓದೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ಅಲ್ಲದೆ ಹೆಸರಾದ ಖಾಸಗಿ ಕಾಲೇಜುಗಳು ಕೆಲವು, ಹತ್ತನೆಯ ಪರೀಕ್ಷೆಗೆ ಮೊದಲೇ ಅರ್ಜಿ ಪಡೆದು, ತಮ್ಮದೇ ಪರೀಕ್ಷೆ ನಡೆಸಿ ಸೀಟು ಗೊತ್ತುಮಾಡುವ ರೂಢಿ ಈಗ ಬೆಳೆದಿದೆ. ಅಂತಹ ಕಾಲೇಜನ್ನು ಬಯಸುವವರು ಮೇ ತಿಂಗಳಲ್ಲಿ ಹೋದರೆ ಬಾಗಿಲು ಮುಚ್ಚಿರಬಹುದು. ಅಂತಹ ಕಾಲೇಜು ಬೇಡವೆನ್ನುವವರೂ ಹಾಗೆಂದು ಮೊದಲೇ ನಿಶ್ಚಯಿಸಿದ್ದರೆ ನೆರೆಮನೆಯವರ ಓಟ ನೋಡಿ ಗಾಬರಿಯಾಗುವುದಿಲ್ಲ.

ಯಾವ ವಿಷಯ, ಯಾವ ಬಾಗಿಲು

ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಎಂದು ಮೂರು ವಿಭಾಗಗಳಿರುವುದು ಎಲ್ಲರಿಗೂ ಗೊತ್ತು. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಆದರೆ ವಿಭಾಗದೊಳಗಿನ ವಿಷಯಗಳ ಗುಂಪನ್ನು ಬಹಳ ಮಂದಿ ಗಮನಿಸುವುದಿಲ್ಲ. ನಿಜವಾದ ತಿರುವು ಇರುವುದು ಅಲ್ಲೇ.

ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆಗೆ ನಾಲ್ಕನೆಯದಾಗಿ ಜೀವಶಾಸ್ತ್ರವನ್ನೋ ಗಣಕ ವಿಜ್ಞಾನವನ್ನೋ ಸಂಖ್ಯಾಶಾಸ್ತ್ರವನ್ನೋ ಎಲೆಕ್ಟ್ರಾನಿಕ್ಸನ್ನೋ ತೆಗೆದುಕೊಳ್ಳಬಹುದು. ಈ ನಾಲ್ಕನೆಯ ವಿಷಯದ ಆಯ್ಕೆ ಚಿಕ್ಕದೆಂದು ತೋರುತ್ತದೆ. ಆದರೆ ಜೀವಶಾಸ್ತ್ರ ಬಿಟ್ಟ ವಿದ್ಯಾರ್ಥಿಗೆ ಕೃಷಿ, ತೋಟಗಾರಿಕೆ, ಅರಣ್ಯ, ಪಶುವೈದ್ಯ, ವೈದ್ಯಕೀಯ ಪದವಿಗಳ ದಾರಿ ಕಟ್ಟಿಹೋಗುತ್ತದೆ. ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್ ಇಲ್ಲ. ಮಗುವಿಗೆ ಯಾವುದು ಬೇಕೆಂದು ಇನ್ನೂ ಗೊತ್ತಾಗದಿದ್ದರೆ, ಗಣಿತ ಮತ್ತು ಜೀವಶಾಸ್ತ್ರ ಎರಡೂ ಇರುವ ಗುಂಪು ಹೆಚ್ಚು ಬಾಗಿಲುಗಳನ್ನು ತೆರೆದಿಡುತ್ತದೆ. ಅದರ ಭಾರವೂ ಹೆಚ್ಚೆಂಬುದನ್ನು ಮರೆಯಬಾರದು.

ವಾಣಿಜ್ಯದಲ್ಲಿ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರಗಳ ಜೊತೆಗೆ ಇತಿಹಾಸವನ್ನೋ ಸಂಖ್ಯಾಶಾಸ್ತ್ರವನ್ನೋ ಗಣಕ ವಿಜ್ಞಾನವನ್ನೋ ಕಾಲೇಜಿನಲ್ಲಿ ಇರುವುದನ್ನು ನೋಡಿ ಆರಿಸುತ್ತಾರೆ. ಲೆಕ್ಕಪರಿಶೋಧಕರಾಗಲು ಸಿಎ ಫೌಂಡೇಷನ್ ಪರೀಕ್ಷೆಯನ್ನು ಪಿಯುಸಿಯ ನಂತರವೇ ಬರೆಯಬಹುದು. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದವರೂ ಸೇರಬಹುದು. ಕಲಾ ವಿಭಾಗದಿಂದ ಶಿಕ್ಷಣ, ಆಡಳಿತ ಸೇವೆ, ಪತ್ರಿಕಾ ವೃತ್ತಿಗಳಿಗೆ ಹೋದವರು ನಮ್ಮ ಊರುಗಳಲ್ಲೇ ಇದ್ದಾರೆ. ಹೆಚ್ಚು ಅಂಕ ಬಂದರೆ ವಿಜ್ಞಾನ, ಕಡಿಮೆ ಬಂದರೆ ಕಲೆ ಎಂಬ ಹಂಚಿಕೆ ಸರಿಯಲ್ಲ. ಗಣಿತವೆಂದರೆ ಹೆದರುವ ಮಗು ಹತ್ತನೆಯಲ್ಲಿ ಬಾಯಿಪಾಠದಿಂದ 90 ಅಂಕ ತೆಗೆಯಬಹುದು; ಪ್ರಥಮ ಪಿಯುಸಿಯ ಗಣಿತ ಬಾಯಿಪಾಠಕ್ಕೆ ಬಗ್ಗುವುದಿಲ್ಲ. ಒಂಬತ್ತರಲ್ಲಿ ಮಗುವಿನ ಗಣಿತ ಮತ್ತು ವಿಜ್ಞಾನದ ಮೇಷ್ಟರನ್ನು ಕಂಡು, ‘ಇವನಿಗೆ ಅರ್ಥವಾಗುತ್ತದೆಯೇ, ಉರುಹೊಡೆಯುತ್ತಾನೆಯೇ’ ಎಂದು ಕೇಳಿ. ಅಂಕಪಟ್ಟಿ ಹೇಳದ ಮಾತನ್ನು ಅವರು ಹೇಳುತ್ತಾರೆ.

ಪಿಯುಸಿಯೊಂದೇ ದಾರಿಯೂ ಅಲ್ಲ. ಎಸ್‌ಎಸ್‌ಎಲ್‌ಸಿಯ ನಂತರ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಪಂಪು, ಮೋಟರು, ಯಂತ್ರಗಳಲ್ಲಿ ಕೈಯಾಡಿಸುವ ಹುಡುಗನಿಗೆ ಐಟಿಐ ಒಳ್ಳೆಯ ದಾರಿಯಾಗಬಹುದು.

ಎಂಟಕ್ಕೆ ಪೇಟೆಗೆ ಕಳುಹಿಸುವ ಮುನ್ನ

ಇಲ್ಲಿ ಒಂದು ಮುಖ್ಯ ವಿಷಯವನ್ನು ಸದಸ್ಯರು ಗಮನಿಸಬೇಕು. ಇದು ತಿಳಿಯದೆ ನಮ್ಮ ಮಕ್ಕಳು ಹಕ್ಕಿನ ಅನುಕೂಲ ಕಳೆದುಕೊಳ್ಳುವುದುಂಟು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ವೃತ್ತಿ ಶಿಕ್ಷಣದ ಸೀಟು ಹಂಚುವಾಗ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಇದು ಜಾತಿವಾರು ಮೀಸಲಾತಿಯ ಒಳಗೇ ಸಿಗುವ ಅನುಕೂಲ. ಆದರೆ ಷರತ್ತು ಕಟ್ಟುನಿಟ್ಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ಣ ಹತ್ತು ವರ್ಷವೂ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮಕ್ಕೂ ಅದೇ ಹತ್ತು ವರ್ಷದ ಲೆಕ್ಕ. ಕೆಲವು ವರ್ಗಗಳಿಗೆ ಆದಾಯದ ಷರತ್ತೂ ಉಂಟು. ಏಳು ವರ್ಷ ಊರ ಶಾಲೆಯಲ್ಲಿ ಓದಿ, ಎಂಟಕ್ಕೆ ಪೇಟೆಯ ಹೈಸ್ಕೂಲಿಗೆ ಹೋದ ಮಗುವಿಗೆ ಆ ಏಳು ವರ್ಷದ ಲೆಕ್ಕ ಸಿಗುವುದಿಲ್ಲ.

ಹಾಗೆಂದು ಊರ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟರೇ ಇಲ್ಲದಿದ್ದರೂ ಮಗುವನ್ನು ಅಲ್ಲೇ ಕೂರಿಸಿ ಎಂದು ನಾವು ಹೇಳುವುದಿಲ್ಲ. ಪಕ್ಕದ ಊರಿನ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಒಳ್ಳೆಯ ಹೈಸ್ಕೂಲಿದ್ದರೆ ಮೊದಲು ಅದನ್ನು ನೋಡಿ. ಪೇಟೆಗೇ ಕಳುಹಿಸುವುದಾದರೆ ಏನು ಪಡೆಯುತ್ತೇವೆ, ಏನು ಬಿಡುತ್ತೇವೆ ಎಂಬುದನ್ನು ತೂಗಿ ಕಳುಹಿಸಿ. ಈ ಒಂದು ವಿಷಯದಲ್ಲಿ ಮಾತ್ರ ಒಂಬತ್ತನೆಯ ತರಗತಿಯೂ ತಡವೇ. ಏಳನೆಯ ತರಗತಿ ಮುಗಿಯುವಾಗಲೇ ಯೋಚಿಸಬೇಕು.

ಇನ್ನೊಂದು ಅನುಕೂಲ ಕೃಷಿಕರ ಮಕ್ಕಳಿಗೆಂದೇ ಇದೆ. ಕೃಷಿ ವಿಶ್ವವಿದ್ಯಾಲಯಗಳ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಪಾಲು ಮೀಸಲಿಡುತ್ತಾರೆ. ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಪೊನ್ನಂಪೇಟೆ ಮತ್ತು ಶಿರಸಿಯ ಅರಣ್ಯ ಕಾಲೇಜುಗಳು ನಮ್ಮ ಬೆಳೆಗಳ ನಡುವೆಯೇ ಇವೆ. ಕಾಫಿ, ಅಡಿಕೆ, ಮೆಣಸು ನೋಡುತ್ತ ಬೆಳೆದ ಮಗುವಿಗೆ ಅಲ್ಲಿನ ಪಾಠ ಪರಕೀಯವಲ್ಲ. ಅದಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರ ಇರಬೇಕು, ಮನೆಯಲ್ಲಿ ಜಮೀನಿನ ದಾಖಲೆ ಸರಿಯಿರಬೇಕು. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ ಇಂತಹ ವೇಳೆಯಲ್ಲಿ ತೊಡಕು ಮಾಡುತ್ತದೆ. ಪೌತಿ ಖಾತೆ ಮಾಡಿಸುವುದು ಬಾಕಿಯಿದ್ದರೆ ಈಗಲೇ ಮುಗಿಸಿಕೊಳ್ಳಿ.

ಕಾಲೇಜನ್ನು ಕಣ್ಣಾರೆ ನೋಡಿ

ಒಂಬತ್ತನೆಯ ತರಗತಿಯ ಬೇಸಗೆ ರಜೆಯಲ್ಲಿ, ಇಲ್ಲವೇ ಹತ್ತನೆಯದರ ದಸರಾದ ಹೊತ್ತಿಗೆ, ಮಗುವನ್ನು ಕರೆದುಕೊಂಡು ಎರಡು ಮೂರು ಕಾಲೇಜುಗಳಿಗೆ ಹೋಗಿ ಬನ್ನಿ. ಹತ್ತಿರದ ಸರ್ಕಾರಿ ಪದವಿಪೂರ್ವ ಕಾಲೇಜು, ಒಂದು ಅನುದಾನಿತ ಕಾಲೇಜು, ಬೇಕಿದ್ದರೆ ಒಂದು ಖಾಸಗಿ ಕಾಲೇಜು. ರಸ್ತೆಬದಿಯ ಫಲಕದಲ್ಲಿ ಅಚ್ಚಾದ ಭಾವಚಿತ್ರಗಳು ಮುಂದೆ ಬಂದ ಮಕ್ಕಳವು. ಸಾಧಾರಣ ಅಂಕದಿಂದ ಸೇರಿದ ಮಗು ಅಲ್ಲಿ ಏನಾಗುತ್ತದೆ ಎಂಬುದನ್ನು ಫಲಕ ಹೇಳದು. ಅಲ್ಲಿ ಓದಿದ ನಮ್ಮೂರ ಮಕ್ಕಳನ್ನು ಕೇಳಿದರೆ ತಿಳಿಯುತ್ತದೆ.

ಕೇಳಬೇಕಾದ ಪ್ರಶ್ನೆಗಳು ಇವು: ಎಲ್ಲ ವಿಷಯಗಳಿಗೂ ಕಾಯಂ ಉಪನ್ಯಾಸಕರು ಇದ್ದಾರೆಯೇ? ಪ್ರಯೋಗಶಾಲೆ ದಿನಬಳಕೆಯಲ್ಲಿದೆಯೇ, ಬೀಗ ಬಿದ್ದಿದೆಯೇ? ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ, ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಆಷಾಢದಲ್ಲಿ ಹಳ್ಳ ತುಂಬಿದಾಗ ಕಾಲುಸಂಕ ದಾಟಿ ಮುಖ್ಯ ರಸ್ತೆಗೆ ಬರಲು ಸಾಧ್ಯವೇ? ಮಳೆನಾಡಿನಲ್ಲಿ ಪ್ರಥಮ ಪಿಯುಸಿಯ ಹಾಜರಿ ಕೆಡುವುದು ಜೂನ್, ಜುಲೈ ತಿಂಗಳುಗಳಲ್ಲೇ. ದೂರ ಹೆಚ್ಚಾದರೆ ಹಾಸ್ಟೆಲ್ ಬೇಕು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಗಳು ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತವೆ. ಅರ್ಜಿ ಯಾವಾಗ ಕರೆಯುತ್ತಾರೆಂದು ತಾಲ್ಲೂಕು ಕಚೇರಿಯಲ್ಲಿ ಮೊದಲೇ ವಿಚಾರಿಸಿಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ವಿಚಾರಣೆ ಇನ್ನೂ ಮುಖ್ಯ. ಒಳ್ಳೆಯ ಅಂಕ ಪಡೆದ ಹುಡುಗಿಯನ್ನು ‘ಬಸ್ಸಿಲ್ಲ, ಅದಕ್ಕೆ ಹತ್ತಿರದಲ್ಲಿರುವ ಯಾವುದಾದರೂ ಸಾಕು’ ಎಂದು ಬೇಡದ ವಿಭಾಗಕ್ಕೆ ಸೇರಿಸುವುದು ನಮ್ಮಲ್ಲಿ ಇನ್ನೂ ನಡೆದಿದೆ. ಒಂದು ವರ್ಷ ಮುಂಚೆ ಹುಡುಕಿದರೆ ಒಂದು ಹಾಸ್ಟೆಲೋ ನಂಟರ ಮನೆಯೋ ಸಿಗುತ್ತದೆ. ಮೇ ತಿಂಗಳ ಕೊನೆಯ ವಾರ ಹುಡುಕಿದರೆ ಸಿಗುವುದು ಕಷ್ಟ.

ಹಣದ ಲೆಕ್ಕ ಕೊಯ್ಲಿನ ದಿನಗಳಲ್ಲೇ

ನಮ್ಮ ಕಷ್ಟ ಹಣವಿಲ್ಲದ್ದಷ್ಟೇ ಅಲ್ಲ; ಹಣ ಬರುವ ಕಾಲವೂ ಕೊಡುವ ಕಾಲವೂ ಬೇರೆ. ಅರೇಬಿಕಾ ಕೊಯ್ಲು ಜನವರಿಯ ಸುಮಾರಿಗೆ ಮುಗಿಯುತ್ತದೆ, ರೋಬಸ್ಟಾ ಮಾರ್ಚ್‌ವರೆಗೆ. ಅಡಿಕೆಯ ಹಣವೂ ಬೇಸಗೆಯ ಹೊತ್ತಿಗೆ ಕೈಗೆ ಬರುತ್ತದೆ. ಕಾಲೇಜಿನವರು ಕೇಳುವುದು ಮೇ, ಜೂನ್‌ನಲ್ಲಿ. ಆಗ ಕೂಲಿ, ಗೊಬ್ಬರ, ಔಷಧಿ ಎಲ್ಲಕ್ಕೂ ಖರ್ಚು ಆಗಿರುತ್ತದೆ. ಧಾರಣೆ ಏರಲೆಂದು ಇಟ್ಟ ಚಾಲಿಯನ್ನೋ ಕಾಫಿಯನ್ನೋ ಫೀಸು ಕಟ್ಟುವ ಅವಸರಕ್ಕೆ ಬಂದ ಬೆಲೆಗೆ ಕೊಡುವುದು ಇಂತಹ ಸಮಯದಲ್ಲೇ.

ಇದಕ್ಕೆ ಎರಡು ಉಪಾಯ. ಮೊದಲನೆಯದು, ಒಂಬತ್ತನೆಯ ತರಗತಿಯ ಆರಂಭದಿಂದ ಸಂಘದಲ್ಲಿ ಆವರ್ತ ಠೇವಣಿ ತೆರೆಯುವುದು. ತಿಂಗಳಿಗೆ 2,000 ರೂಪಾಯಿಯಂತೆ 24 ತಿಂಗಳು ಕಟ್ಟಿದರೆ ಅಸಲೇ 48,000 ರೂಪಾಯಿ, ಬಡ್ಡಿ ಬೇರೆ. 1,000 ರೂಪಾಯಿ ಕಟ್ಟಲಾದವರಿಗೆ 24,000. ಸರ್ಕಾರಿ ಕಾಲೇಜಿನ ಶುಲ್ಕ, ಪುಸ್ತಕ, ಬಸ್ಸಿನ ಪಾಸು, ಸಮವಸ್ತ್ರಕ್ಕೆ ಈ ಹಣ ದೊಡ್ಡ ಆಸರೆ. ಎರಡನೆಯದು, ಹತ್ತನೆಯ ತರಗತಿಯ ವರ್ಷ ಕೊಯ್ಲಾದ ಕೂಡಲೇ ಒಂದು ಪಾಲನ್ನು ಬೇರೆಯಾಗಿ ಠೇವಣಿಯಿಡುವುದು. ಮನೆಯಲ್ಲಿ ಇಟ್ಟ ಹಣ ಮೇ ತಿಂಗಳವರೆಗೆ ಉಳಿಯುವುದಿಲ್ಲ.

ಬೆಳೆ ಸಾಲವನ್ನು ಫೀಸಿಗೆ ತಿರುಗಿಸುವುದು ಬೇಡ. ಅದು ವರ್ಷದೊಳಗೆ ತೀರಬೇಕಾದ ಸಾಲ. ತೋಟಕ್ಕೆ ಬೀಳದ ಸಾಲವನ್ನು ತೋಟ ತೀರಿಸಲಾರದು. ವಾಯಿದೆ ತಪ್ಪಿದರೆ ಬಡ್ಡಿ ರಿಯಾಯಿತಿಯೂ ಹೋಗುತ್ತದೆ.

ಖಾಸಗಿ ಕಾಲೇಜಿಗೆ ಸೇರಿಸುವವರು ಎರಡು ವರ್ಷದ ಒಟ್ಟು ಖರ್ಚನ್ನು ಬರೆದು ಕೊಡಲು ಕೇಳಬೇಕು. ಬೋಧನಾ ಶುಲ್ಕ, ಹಾಸ್ಟೆಲ್, ಊಟ, ನೀಟ್ ಅಥವಾ ಸಿಇಟಿ ತರಬೇತಿ, ಇತರೆ ಎಂದು ಬಿಡಿಬಿಡಿಯಾಗಿ ಇರಲಿ. ಮಗು ಒಂದು ತಿಂಗಳಲ್ಲಿ ಬಿಟ್ಟು ಬಂದರೆ ಎಷ್ಟು ಹಣ ಹಿಂದಕ್ಕೆ ಬರುತ್ತದೆಂದು ಕೇಳಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಇನ್ನೊಂದು ಮಾತು: ಸಿಇಟಿಯಲ್ಲಿ ಎಂಜಿನಿಯರಿಂಗ್ ರ್‍ಯಾಂಕಿಗೆ ದ್ವಿತೀಯ ಪಿಯುಸಿಯ ಅಂಕಕ್ಕೆ ಅರ್ಧ, ಸಿಇಟಿಯ ಅಂಕಕ್ಕೆ ಅರ್ಧ ಲೆಕ್ಕ. ತರಬೇತಿಯ ಹೆಸರಿನಲ್ಲಿ ಪಿಯುಸಿಯ ಪಾಠ ಕಡೆಗಣಿಸುವ ಕಡೆ ಸೇರಿಸಿ ಪ್ರಯೋಜನವಿಲ್ಲ.

ಕಾಗದಪತ್ರ

ಹತ್ತನೆಯ ತರಗತಿಯ ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆಯಿರುವ ಒಂದೆರಡು ದಿನ ಇದಕ್ಕೆ ಮೀಸಲಿಡಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ ಮೂರರಲ್ಲೂ ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಒಂದೇ ರೀತಿ ಇವೆಯೇ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಚ್ಚಾಗುವುದು ಶಾಲೆಯ ದಾಖಲೆಯ ಹೆಸರು. ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ. ಎಸ್‌ಎಟಿಎಸ್ ಗಣಕ ವ್ಯವಸ್ಥೆಯಲ್ಲಿ ಮಾಧ್ಯಮವೂ ಸರಿಯಾಗಿ ನಮೂದಾಗಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಫಲಿತಾಂಶದ ವಾರದಲ್ಲಿ ಅಲ್ಲಿ ಸಾಲು ಉದ್ದ. ಹಳೆಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ನೋಡಿಕೊಳ್ಳಿ. ವಿದ್ಯಾರ್ಥಿವೇತನದ ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ; ಮಗುವಿನ ಹೆಸರಿನಲ್ಲಿ ಖಾತೆ ತೆರೆದು ಜೋಡಣೆ ಮಾಡಿಸಿಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗದ ದಾಖಲೆ ಬೇಕಾಗುವುದು ಎರಡು ವರ್ಷದ ನಂತರ, ಸಿಇಟಿಯ ವೇಳೆಗೆ. ಆದರೂ ಮಗು ಓದಿದ ಕಿರಿಯ ಪ್ರಾಥಮಿಕ ಶಾಲೆ ಮುಚ್ಚಿದ್ದರೆ ಅದರ ದಾಖಲೆಗಳು ಈಗ ಯಾವ ಶಾಲೆಯಲ್ಲಿವೆ ಎಂಬುದನ್ನು ಇಂದೇ ವಿಚಾರಿಸಿಡುವುದು ಜಾಣತನ. ಮಲೆನಾಡಿನಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಶಾಲೆಗಳು ಒಂದೆರಡಲ್ಲ.

ಕನ್ನಡ ಮಾಧ್ಯಮದ ಮಕ್ಕಳು

ಪಿಯುಸಿಯಲ್ಲಿ ವಿಜ್ಞಾನದ ಪಾಠ ಬಹುತೇಕ ಎಲ್ಲೆಡೆ ಇಂಗ್ಲಿಷಿನಲ್ಲೇ. ಹತ್ತು ವರ್ಷ ಕನ್ನಡದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಮಗು ಮೊದಲ ಎರಡು ತಿಂಗಳು ತರಗತಿಯಲ್ಲಿ ಮೂಕನಾಗಿ ಕೂರುವುದು, ದಸರಾಕ್ಕೆ ಮನೆಗೆ ಬಂದು ‘ನಾನು ಹೋಗುವುದಿಲ್ಲ’ ಎನ್ನುವುದು ನಮ್ಮಲ್ಲಿ ಅಪರೂಪವಲ್ಲ. ಬುದ್ಧಿ ಕಡಿಮೆಯಾದದ್ದಲ್ಲ, ಪದಗಳು ಹೊಸವು. ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ಬಲ್ಲ ಮಗುವಿಗೆ ಅದೇ ವಿಷಯ ಫೋಟೋಸಿಂಥೆಸಿಸ್ ಎಂದು ಬಂದಾಗ ಗುರುತು ಸಿಗುವುದಿಲ್ಲ. ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗೆ ಎರಡು ತಿಂಗಳ ಬಿಡುವು ಇರುತ್ತದೆ. ಹತ್ತನೆಯ ತರಗತಿಯದೇ ವಿಜ್ಞಾನ ಮತ್ತು ಗಣಿತ ಪುಸ್ತಕಗಳ ಇಂಗ್ಲಿಷ್ ಪ್ರತಿ ತಂದು, ಕನ್ನಡ ಪುಸ್ತಕದ ಪಕ್ಕದಲ್ಲಿಟ್ಟು ದಿನಕ್ಕೆ ಒಂದು ಗಂಟೆ ಓದಿದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ. ಖರ್ಚೂ ಹೆಚ್ಚಿಲ್ಲ.

ತೋಟಕ್ಕೆ ಉಳಿಯುವ ಮಗು

‘ತೋಟ ನೋಡಿಕೊಳ್ಳುವವನಿಗೆ ಓದು ಯಾಕೆ’ ಎಂಬ ಮಾತು ಕಡಿಮೆಯಾಗಿದೆ; ಪೂರ್ತಿ ಹೋಗಿಲ್ಲ. ಚುರುಕಾದವನು ಬೆಂಗಳೂರಿಗೆ, ಹಿಂದುಳಿದವನು ತೋಟಕ್ಕೆ ಎಂಬ ಹಂಚಿಕೆಯಿಂದ ತೋಟಕ್ಕೂ ಲಾಭವಿಲ್ಲ, ಮಗುವಿಗೂ ಗೌರವವಿಲ್ಲ. ಇಂದಿನ ತೋಟಕ್ಕೆ ಮಣ್ಣು ಪರೀಕ್ಷೆಯ ವರದಿ ಓದಬಲ್ಲವರು ಬೇಕು, ಜಿಎಸ್‌ಟಿ ಬಿಲ್ಲು ತಿಳಿದವರು ಬೇಕು, ಕಾಫಿಯ ಧಾರಣೆ ಲಂಡನ್, ನ್ಯೂಯಾರ್ಕ್ ಪೇಟೆಗಳ ಜೊತೆ ಏರಿಳಿಯುವುದನ್ನು ಅರ್ಥಮಾಡಿಕೊಳ್ಳುವವರು ಬೇಕು. ತೋಟದಲ್ಲೇ ಇರುತ್ತೇನೆನ್ನುವ ಮಗುವಿಗೆ ವಾಣಿಜ್ಯವೋ ಜೀವಶಾಸ್ತ್ರವಿರುವ ವಿಜ್ಞಾನವೋ ನಿಜವಾದ ಬಂಡವಾಳ. ಹಾಗೆಯೇ, ಹೊರಗೆ ಹೋಗಬೇಕೆನ್ನುವ ಮಗುವನ್ನು ತೋಟಕ್ಕೆ ಕಟ್ಟಿಹಾಕಲು ಆಗುವುದಿಲ್ಲ. ಮಗುವಿನ ಮಾತನ್ನು ಒಂಬತ್ತರಲ್ಲೇ ಕೇಳಿದರೆ ನಮಗೂ ಯೋಚಿಸಲು ಕಾಲವಿರುತ್ತದೆ.

ನೆನಪಿಗಾಗಿ

ಏಳನೆಯ ತರಗತಿಯ ಕೊನೆ: ಹೈಸ್ಕೂಲು ಎಲ್ಲಿ ಎಂಬ ತೀರ್ಮಾನ, ಗ್ರಾಮೀಣ ಮೀಸಲಾತಿಯ ಲೆಕ್ಕದೊಡನೆ.
ಒಂಬತ್ತು, ಜೂನ್: ಆವರ್ತ ಠೇವಣಿ ಆರಂಭ.
ಒಂಬತ್ತು, ದಸರಾ: ಮಗುವಿನೊಡನೆ, ಮೇಷ್ಟರೊಡನೆ ಮಾತು.
ಒಂಬತ್ತರ ಬೇಸಗೆಯಿಂದ ಹತ್ತರ ದಸರಾವರೆಗೆ: ಕಾಲೇಜು, ಹಾಸ್ಟೆಲ್ ನೋಡುವುದು.
ಹತ್ತು, ಮಳೆಗಾಲ: ಹೆಸರು ತಿದ್ದುಪಡಿ, ಪ್ರಮಾಣಪತ್ರ, ಬ್ಯಾಂಕ್ ಖಾತೆ.
ಹತ್ತು, ದಸರಾದ ನಂತರ: ಖಾಸಗಿ ಕಾಲೇಜು ಬೇಕೆನ್ನುವವರು ಅರ್ಜಿಯ ದಿನಾಂಕ ವಿಚಾರಿಸುವುದು.
ಹತ್ತು, ಕೊಯ್ಲಿನ ನಂತರ: ಫೀಸಿನ ಪಾಲು ಬೇರೆ ಠೇವಣಿ. ಮಗುವಿಗೆ ಓದಿನ ಹೊರತು ಬೇರೆ ಮಾತು ಬೇಡ.
ಏಪ್ರಿಲ್, ಮೇ: ಇಂಗ್ಲಿಷ್ ಪದಗಳ ಅಭ್ಯಾಸ. ಫಲಿತಾಂಶ ಬಂದೊಡನೆ ಒಂದೇ ಕಾಲೇಜನ್ನು ನಂಬದೆ ಎರಡು ಮೂರು ಕಡೆ ಅರ್ಜಿ.

ಅಂಕ ಎಣಿಸಿದಷ್ಟು ಬಾರದಿದ್ದರೆ ಗಾಬರಿ ಬೇಡ. 2024ರಿಂದ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಅನುತ್ತೀರ್ಣನಾದ ಮಗು ಒಂದು ವರ್ಷ ಮನೆಯಲ್ಲಿ ಕೂರಬೇಕಾಗಿಲ್ಲ. ಆ ವಾರ ಮಗುವಿಗೆ ಬೇಕಾದದ್ದು ಬೈಗುಳವಲ್ಲ, ಮುಂದಿನ ಪರೀಕ್ಷೆಯ ಅರ್ಜಿ ತುಂಬಲು ಜೊತೆಗೆ ಬರುವ ಒಬ್ಬ ಹಿರಿಯರು.

ಈ ಸಂಚಿಕೆ ಕೈಸೇರಿದಾಗ ಮನೆಯಲ್ಲಿ ಒಂಬತ್ತನೆಯ ಅಥವಾ ಹತ್ತನೆಯ ತರಗತಿಯ ಮಗುವಿದ್ದರೆ, ಇದನ್ನು ಅವರಿಗೂ ಓದಲು ಕೊಡಿ. ಮಕ್ಕಳನ್ನು ಈಗಾಗಲೇ ಪಿಯುಸಿ ದಾಟಿಸಿದ ಸದಸ್ಯರು ತಮ್ಮ ನೆರೆಯವರಿಗೆ ಕಾಲೇಜು, ಹಾಸ್ಟೆಲ್, ಖರ್ಚಿನ ನಿಜವಾದ ವಿವರ ಹೇಳಿದರೆ ಅದೂ ಸಹಕಾರವೇ. ಸಸಿಯನ್ನೋ ಗೊಬ್ಬರವನ್ನೋ ಹಂಚಿಕೊಳ್ಳುವ ನಮಗೆ ಇದು ಹೊಸದಲ್ಲ.